ಬೇರೆ ದೇಶದ ಹೆಸರಿನ ಟೋಪಿ

ಜುಲೈ ಹತ್ತು, ಬುಧವಾರ ಬೆಳಗ್ಗೆ ಎಂಟು ಗಂಟೆ. ಈಕ್ವೆಡಾರಿನ ಮೊಂಟೆಕ್ರಿಸ್ಟಿ ಠಾಣೆಗೆ ಬಂದ ದೊಮಿತಿಲಾ ಲೂಕಾಸ್ ಎಂಬ ಅಜ್ಜಿ, ತಾನು ನೇಯ್ದ ಹುಲ್ಲಿನ ಟೋಪಿ ಮನೆಯಿಂದ ಕಳವಾಗಿದೆ ಎಂದು ದೂರು ಕೊಟ್ಟಳು. ವಯಸ್ಸಾಗಿ ಅವಳ ಕಣ್ಣು ಮಂಜಾಗುತ್ತಿತ್ತು. ಅಷ್ಟು ನವಿರಾದದ್ದನ್ನು ಇನ್ನೊಮ್ಮೆ ನೇಯಲಾರಳು. ಶನಿವಾರದ ಪ್ರದರ್ಶನದಲ್ಲಿ ಅದು ಅವಳ ಹೆಸರಿನೊಂದಿಗೆ ಇರಬೇಕಿತ್ತು.

ಇನ್ಸ್‌ಪೆಕ್ಟರ್ ಪಚಾಯ್ ಎಫ್‌ಐಆರ್ ದಾಖಲಿಸಿದರು. ಊರಿನಲ್ಲಿ ಮಾರಿದರೆ ಗುರುತು ಸಿಗುತ್ತದೆ, ಕಳ್ಳ ಅದನ್ನು ಅಂತರ್ಜಾಲದಲ್ಲಿ ಹೊರದೇಶದವರಿಗೇ ಮಾರಬೇಕು. ಹಾಗಾಗಿ ಅವರು ಕಂಪ್ಯೂಟರ್ ಮುಂದೆ ಕೂತು ತಮ್ಮ ಸ್ಪ್ಯಾನಿಷ್ ಮಾತನ್ನೇ ಪದಕ್ಕೆ ಪದ ಇಂಗ್ಲಿಷಿಗೆ ತಿರುಗಿಸಿ, 'ನಮ್ಮ ಹುಲ್ಲಿನ ಟೋಪಿ ಎಲ್ಲಿ ಮಾರುತ್ತಾರೆ' ಎಂದು ಹುಡುಕಿದರು. ಮಧ್ಯಾಹ್ನದವರೆಗೂ ಪ್ರವಾಸಿಗರ ಚಿತ್ರಗಳೇ ಬಂದವು.

ಕಾನ್‌ಸ್ಟೇಬಲ್ ಯೆಸೇನಿಯಾ ಮೇರೊ ಶೇಂಗಾ ಹಾಕಿದ ಮೀನುಸಾರಿನ ಬಟ್ಟಲು ಪಕ್ಕಕ್ಕಿಟ್ಟಳು.

"ಸರ್, ಹೊರದೇಶದವರು ಕರೆಯೋ ಹೆಸರಲ್ಲಿ ಹುಡುಕಿ. ಪನಾಮಾ ಟೋಪಿ ಅಂತ."

"ನಮ್ಮೂರ ಟೋಪಿಗೆ ಆ ದೇಶದ ಹೆಸರು ನನ್ನ ಕೈಯಲ್ಲಿ ಟೈಪ್ ಆಗಲ್ಲ."

"ಹಾಗಾದ್ರೆ ಏಳಿ. ಕೈ ನಂದು, ಪಾಪಾನೂ ನಂದೇ ಇರ್ಲಿ."

'ಪನಾಮಾ ಟೋಪಿ' ಎಂಬ ಎರಡು ಪದಗಳು ಚದುರದಂತೆ ಉದ್ಧರಣ ಚಿಹ್ನೆಯೊಳಗೆ ಕಟ್ಟಿ, ಪಕ್ಕದಲ್ಲಿ ಊರಿನ ಹೆಸರು ಸೇರಿಸಿದಳು. ಕಾಗದದ ಟೋಪಿಗಳ ಅಂಗಡಿಗಳು ಸಾಲುಗಟ್ಟಿದವು. 'ಕಾಗದ' ಎಂಬ ಪದಕ್ಕೆ ಮೈನಸ್ ಗುರುತು ಹಚ್ಚಿ ಅವನ್ನು ಸಾಗಹಾಕಿದಳು. ಈ ವಾರದ್ದಷ್ಟೇ ಸಾಕು ಎಂದು ಆಯ್ಕೆ ಮಾಡಿದಳು. ಉಳಿದ ಕೆಲವೇ ಜಾಹೀರಾತುಗಳಲ್ಲಿ ಒಂದರ ಕೆಳಗೆ, 'ನೇಯ್ದವರು: ಎಫ್ರೇನ್ ಅಂಚುಂಡಿಯಾ' ಎಂದಿತ್ತು.

ಎಫ್ರೇನ್ ಊರಿನ ಟೋಪಿಗಳಿಗೆಲ್ಲ ಇಸ್ತ್ರಿ ಹಾಕಿ ಆಕಾರ ಕೊಡುವವನು. ಜೀವಮಾನದಲ್ಲಿ ಒಂದು ಎಳೆಯನ್ನೂ ನೇಯ್ದವನಲ್ಲ.

"ಕಳ್ಳ ತನ್ನ ಹೆಸರು ತಾನೇ ಬರೀತಾನಾ?" ಪಚಾಯ್ ಕೇಳಿದರು.

"ಇಂಗ್ಲಿಷಲ್ಲಿ ಪೊಲೀಸರು ಹುಡುಕಲ್ಲ ಅಂದ್ಕೊಂಡಿದ್ದಾನೆ ಸರ್."

"ಮಧ್ಯಾಹ್ನದವರೆಗೂ ಅವನ ಲೆಕ್ಕ ಸರಿಯಾಗೇ ಇತ್ತು."

ಮೂರು ಗಂಟೆಗೆ ಅವನ ಅಂಗಡಿಯಲ್ಲಿ ಪಂಚನಾಮೆ ನಡೆಯಿತು. ಮರದ ಅಚ್ಚಿನ ಮೇಲೆ, ತೆಳು ಬಟ್ಟೆಯಡಿ ಟೋಪಿ ಸಿಕ್ಕಿತು. ದೊಮಿತಿಲಾ ನೆತ್ತಿಯ ನಡುವಿನ ನೇಯ್ಗೆಯ ಮೇಲೆ ಬೆರಳಾಡಿಸಿ, ನನ್ನದೇ ಎಂದಳು. ಪ್ರದರ್ಶನಕ್ಕಾಗಿ ಮುಚ್ಚಳಿಕೆ ಬರೆಸಿಕೊಂಡು ಟೋಪಿಯನ್ನು ಅವಳಿಗೇ ಒಪ್ಪಿಸಲಾಯಿತು.

ಎಫ್ರೇನ್ ಎಲ್ಲ ಒಪ್ಪಿಕೊಂಡ. ಬಂದವರೆಲ್ಲ ಯಾರು ನೇಯ್ದಿದ್ದು ಎಂದು ಕೇಳುತ್ತಾರೆ; ಯಾರು ತಿದ್ದಿದ್ದು ಎಂದು ಒಬ್ಬರೂ ಕೇಳಿದ್ದಿಲ್ಲ ಎಂದಷ್ಟೇ ಹೇಳಿದ. ದಸ್ತಗಿರಿಯಾಗಿ ಜೀಪು ಹತ್ತಿದ ಮೇಲೆ ಮೆಲ್ಲನೆ ಕೇಳಿದ: "ನನ್ನ ಹೆಸರಿನ ಆ ಜಾಹೀರಾತನ್ನ ಎಷ್ಟು ಜನ ನೋಡಿದ್ರಮ್ಮಾ?"

ಯೆಸೇನಿಯಾ ಫೋನಿನಲ್ಲಿ ನೋಡಿದಳು. "ನಾನೂರು ಚಿಲ್ರೆ, ಎಫ್ರೇನ್ ಅವ್ರೇ."

ಅವನು ಕಾಲರ್ ಸರಿಮಾಡಿಕೊಂಡು ನೆಟ್ಟಗೆ ಕೂತ.