ಸಲೋಮೆಯಾಗಳ ಸಾಲು

ಬದುಕಿರುವ ಇಬ್ಬರಿಗೆ ಒಂದೇ ಹೆಸರಿಡಬಾರದು ಎಂದು ರಸ್ಕಿಲೆ ಹೇಳಿದಾಗ ರಾಣಿ ಸಲೋಮೆಯಾ ನಕ್ಕುಬಿಟ್ಟಳು.

"ಸಾವು ಹೆಸರು ಕೇಳ್ಕೊಂಡೇ ಬರೋದು, ಅಮ್ಮಾವ್ರೇ. ಎರಡು ಮನೇಲಿ ಒಂದೇ ಹೆಸರಿದ್ರೆ ಎರಡು ಬಾಗಿಲೂ ತಟ್ಟುತ್ತೆ," ಎಂದಳು, ರಾಣಿಯ ತಲೆ ಬಾಚುತ್ತಿದ್ದ ಆ ಲಿಥುವೇನಿಯಾದ ಮುದುಕಿ.

"ಹಾಗಾದ್ರೆ ಪಾಪ, ಅದಕ್ಕೆ ಕಾಲುನೋವು."

ಪೋಲೆಂಡಿನಿಂದ ಮದುವೆಯಾಗಿ ಬಂದು, ವರ್ಷ ತುಂಬುವುದರೊಳಗೆ ವಿಧವೆಯಾದವಳಿಗೆ ಈ ಜೌಗುನಾಡಿನ ನಂಬಿಕೆಗಳಿಗೆ ಕಿವಿಗೊಡುವ ಪುರುಸೊತ್ತಿರಲಿಲ್ಲ. ಸಿಂಹಾಸನದ ಸುತ್ತ ಕೂತವರೆಲ್ಲ ಗಂಡಸರು. ಹಿಮ ಬೀಳುವ ಮೊದಲು ನಾಡೆಲ್ಲ ಕ್ರೈಸ್ತವಾಗದಿದ್ದರೆ ಇವಳನ್ನು ಕನ್ಯಾಮಠಕ್ಕೆ ಅಟ್ಟೋಣವೆಂದು ಅವಳೆದುರಿಗೇ ಮಾತಾಡಿಕೊಂಡಿದ್ದರು. ಎಲ್ಲರನ್ನೂ ನದಿಯಲ್ಲಿ ಮುಳುಗಿಸಿ ಕ್ರೈಸ್ತ ಹೆಸರಿಡುವ ಆಜ್ಞೆಗೆ ಅವಳು ಮುದ್ರೆಯೊತ್ತಿದಳು. ಒಬ್ಬೊಬ್ಬರಿಗೂ ಹೆಸರಿಡುತ್ತ ಕೂತರೆ ಮುಗಿಯದೆಂದು ಬಿಷಪ್ ಗೆದ್ಕೊ ಸಾಲಿಗೊಂದು ಹೆಸರು ಗೊತ್ತುಮಾಡಿದ. ಹೆಂಗಸರ ಮೊದಲ ಸಾಲಿಗೆ ರಾಣಿಯದೇ ಹೆಸರು. ಅವಳಿಗೆ ಒಳಗೊಳಗೇ ಹಿಗ್ಗು.

ಸೈನಿಕರು ಈಟಿಯ ಹಿಡಿಯಿಂದ ತಿವಿತಿವಿದು ಆ ಸಾಲಿನ ಹೆಂಗಸರನ್ನು ನದಿಗಿಳಿಸಿದರು. ಕೆಸರಿನ, ನೆನೆದ ಉಣ್ಣೆಯ, ಹೆದರಿದ ಮೈಗಳ ವಾಸನೆ. ಸಾಲಿನ ಕೊನೆಯಲ್ಲಿದ್ದ ಎತ್ತರದ ಹೆಂಗಸೊಬ್ಬಳು ಮುಳುಗಿ ಎದ್ದವಳೇ ಜಡೆಯ ತುದಿಗೆ ಗಂಟು ಹಾಕಿ, ಬಾಯೊಳಗಿನ ನೀರನ್ನು ಆ ಗಂಟಿನ ಮೇಲೆ ಉಗುಳಿ, ಹೊಸ ಹೆಸರನ್ನು ಮೆಲ್ಲಗೆ ಉಚ್ಚರಿಸಿದಳು. ಉಚ್ಚರಿಸುವಾಗ ನೋಡಿದ್ದು ರಾಣಿಯನ್ನು.

ಮೊದಲು ಬಂದದ್ದು ಸುಟ್ಟ ಚರ್ಮದ ನಾತ. ಸಭೆಯ ನಡುವೆಯೇ ರಾಣಿಯ ಅಂಗೈಯಲ್ಲಿ ಬೊಬ್ಬೆಗಳೆದ್ದವು. ಒಲೆಯಡಿಯ ಹಾವಿಗೆ ಹಾಲೆರೆದ ತಪ್ಪಿಗೆ ಸೈನಿಕರು ಹಳ್ಳಿಯ ಸಲೋಮೆಯಾ ಒಬ್ಬಳ ಕೈಯನ್ನು ಕೆಂಡಕ್ಕೊತ್ತಿದ್ದರೆಂದು ಸಂಜೆಗೆ ಸುದ್ದಿ ಬಂತು. ಆಮೇಲೆ ಬೆನ್ನ ತುಂಬ ಬಾಸುಂಡೆ. ರಸ್ಕಿಲೆ ಮುಲಾಮು ಹಚ್ಚಿದಳು. ನಾನು ಹೇಳಿರಲಿಲ್ಲವೇ ಎಂದು ಒಮ್ಮೆಯೂ ಅನ್ನಲಿಲ್ಲ. ಅದೇ ಹೆಚ್ಚು ಉರಿಯಿತು.

ಶಿಕ್ಷೆಗಳು ನಿಲ್ಲಲೆಂದು ರಾಣಿ ಅಪ್ಪಣೆ ಕೊಟ್ಟಳು. ಗಂಡಸರು ತಲೆಯಾಡಿಸಿದರು. ಶಿಕ್ಷೆಗಳು ನಿಲ್ಲಲಿಲ್ಲ. ಅವಳಿಗೆ ಕೂಗಾಡಲೂ ದಣಿವು. ಜಡೆಗೆ ಗಂಟು ಹಾಕಿದವಳನ್ನು ಮಾಟಗಾತಿಯೆಂದು ಗೋಣಿಯಲ್ಲಿ ಕಟ್ಟಿ ನದಿಗೆ ಹಾಕುತ್ತಾರೆಂದು ಕೇಳಿದ ಬೆಳಿಗ್ಗೆ ಮಾತ್ರ ಸಭೆಗೆ ಹೋಗಿ ಬೇಡಿದಳು, ಕೊನೆಗೆ ಬೆನ್ನನ್ನೇ ಬಿಚ್ಚಿ ತೋರಿಸಿದಳು.

ಗೆದ್ಕೊ ಕಣ್ಣು ತಗ್ಗಿಸಿದ. "ಭಕ್ತಿ ಅಂತ ಮೈ ದಂಡಿಸ್ಕೊಳ್ಳೋದಕ್ಕೂ ಒಂದು ಮಿತಿ ಬೇಕು, ಮಗಳೇ. ಆಜ್ಞೆ ನಿನ್ನದು. ನಾವು ನಡೆಸ್ತಿದೀವಿ, ಅಷ್ಟೇ."

ನದಿಯ ದಾರಿಯಲ್ಲಿ ಅವಳು ಓಡಿದಳು. ರಸ್ಕಿಲೆ ಏದುಸಿರು ಬಿಡುತ್ತ ಹಿಂದೆ ಬಂದಳು.

"ಹೆಸರು ಕೊಟ್ಟ ನೀರಲ್ಲೇ ನಿಮ್ಮ ಹೆಸರು ಬಿಟ್ಬಿಡಿ. ಬದುಕ್ತೀರಿ. ಅದ್ರ ಜೊತೆ ಏನೇನು ಹೋಗುತ್ತೋ, ನಂಗೊತ್ತಿಲ್ಲ."

ಗೋಣಿ ನೀರಿಗೆ ಬಿತ್ತು. ರಾಣಿಯ ಉಸಿರು ಕಟ್ಟಿತು. ದಡದ ಮೇಲೆ, ಒಣನೆಲದಲ್ಲಿ. ಮೂಗಿನಲ್ಲಿ ಕೆಸರು. ಕಿವಿಯಲ್ಲಿ ನದಿ. ತೆವಳಿದಳು. ನೀರಿಗುರುಳಿದಳು. ಗೋಣಿಗೆ ಕೈ ಚಾಚಿದಳು. ಬೆರಳಿಗೆ ತಗುಲಿತು. ಜಾರಿತು. ಮತ್ತೆ ಚಾಚಬಹುದಿತ್ತು. ಎದೆ ಬಿರಿಯುತ್ತಿತ್ತು. ಕತ್ತಲು. ಬಾಯಿ ತೆರೆದಳು. ಹೆಸರನ್ನು ನದಿಗೆ ಉಗುಳಿಬಿಟ್ಟಳು.

ಉಸಿರು ಮರಳಿತು. ಗೋಣಿಯ ಒದ್ದಾಟ ನಿಂತಿತ್ತು.

ದಡದಲ್ಲಿ ರಸ್ಕಿಲೆ ಯಾರನ್ನೋ ಹುಡುಕುತ್ತಿದ್ದಳು. ಅವಳ ಕಣ್ಣು ಇವಳ ಮುಖವನ್ನು ಹಾದು ಮುಂದೆ ಹೋಯಿತು. ಸೈನಿಕನೊಬ್ಬ ರಟ್ಟೆ ಹಿಡಿದು ಇವಳನ್ನು ಮೇಲೆಳೆದ, ಯಾವ ಹಳ್ಳಿ, ಹೆಸರೇನು ಎಂದು ಕೇಳಿದ. ಇವಳು ಬಾಯಿ ತೆರೆದಳು. ನಾಲಿಗೆಯ ಮೇಲೆ ಏನೂ ಇರಲಿಲ್ಲ.

ಅವನು ಆಕಳಿಸಿದ. ಬೆಳಗಿನಿಂದ ಅವನಿಗೂ ಸಾಕಾಗಿತ್ತು.

"ಇನ್ನೂ ಇಟ್ಟಿಲ್ವಾ? ಹೋಗು, ಆ ಸಾಲಲ್ಲಿ ನಿಂತ್ಕೋ. ಕೊಡ್ತಾರೆ."