ಜೋಡಿ ಕಹಳೆಯಲ್ಲಿ ಒಂದು

ಬಾಳೆಹಣ್ಣಿನ ಬಜ್ಜಿ ಎಣ್ಣೆಗೆ ಬಿಟ್ಟಿದ್ದೆ ಅಷ್ಟೆ, ಎದುರಿನ ಕೊಟ್ಟಿಗೆಯಿಂದ ಕರ್ಸೋನೊ ಕಿರುಚಿದ.

"ಹೋಯ್ತು! ನನ್ನ ಕಹಳೆ ಹೋಯ್ತು!"

ಬಜ್ಜಿ ಸೀದರೆ ಸೀಯಲಿ ಎಂದು ಓಡಿದೆ. ಕೊಟ್ಟಿಗೆಯಲ್ಲಿ ಎರಡು ಮಣೆ. ಒಂದರ ಮೇಲೆ ಮರದ ಕಹಳೆ ಕೂತಿತ್ತು. ಇನ್ನೊಂದರ ಮೇಲೆ ಬರೀ ಮರದ ಹೊಟ್ಟು.

ಕಹಳೆ ಅಂದರೆ ಊದುವುದಲ್ಲ. ಕುದುಸ್ ಊರಿನ ಹಳೇ ಚಿತ್ರಮಂದಿರದ ಎರಡು ಸ್ಪೀಕರುಗಳಿಗೆ ಮಾಡಿದ ಹೊಸ ಬಾಯಿ. ಹಳೇ ಬಾಯಿಗಳನ್ನು ಗೆದ್ದಲು ತಿಂದು ಮುಗಿಸಿತ್ತು. ಕಿರಿದಾದ ತುದಿಯಲ್ಲಿ ಊಟದ ತಟ್ಟೆ ಹಿಡಿಸುತ್ತದೆ, ಅಗಲದ ತುದಿಯಲ್ಲಿ ನನ್ನ ಹೆಂಡತಿ ಕೂರಬಹುದು. ನಾನು ಹೀಗಂದೆ ಅಂತ ಅವಳಿಗೆ ಹೇಳಬೇಡಿ. ನಮ್ಮ ಜೆಪಾರಾದಲ್ಲಿ ಎಲ್ಲರೂ ತೇಗ ಕೆತ್ತುವವರು. ಕರ್ಸೋನೊ ಕೂಡ ಮೊದಲು ತೇಗದಲ್ಲೇ ಮಾಡಿದ್ದ. ಹಾಡು ಹಾಕಿದರೆ ಮರವೂ ಜೊತೆಗೆ ಗಣಗಣ ಅನ್ನುತ್ತಿತ್ತು. ಬಾಗು ತಿದ್ದಿದ, ದಪ್ಪ ಬದಲಿಸಿದ, ಕೊನೆಗೆ ಅಮ್ಮ ನೆಟ್ಟಿದ್ದ ಹಿತ್ತಲ ಹಲಸಿನ ಮರವನ್ನೇ ಕಡಿದ. ಹಲಸು ತಾನು ಸುಮ್ಮನಿದ್ದು ಹಾಡನ್ನು ಮಾತ್ರ ಹೊರಗೆ ಬಿಟ್ಟಿತು. ಆ ಮರ ಸರಿಯಾಗಿ ಎರಡು ಕಹಳೆಗೆ ಆಯಿತು. ಮೂರನೆಯದಕ್ಕೆ ತುಂಡಿಲ್ಲ.

ಚಿತ್ರಮಂದಿರದ ಒಡತಿ ಗಿಯೋಕ್ ಅಜ್ಜಿ ಮಧ್ಯಾಹ್ನ ಕೇಳಲು ಬರುವವರಿದ್ದರು. ಗಂಡನ ಕಾಲದ ದನಿ ಬಂದರೆ ಸರಿ, ಇಲ್ಲದಿದ್ದರೆ ಸ್ಪೀಕರುಗಳು ಗುಜರಿಗೆ. ಆಮೇಲೆ ಕರ್ಸೋನೊ ಸೋಮವಾರದಿಂದ ಮರಗೆಲಸದ ಧಣಿ ಸುತಾರ್ಜೊನ ಅಂಗಳದಲ್ಲಿ ಕೂಲಿಗೆ ಕೂತು ಮಂಚಕ್ಕೆ ನವಿಲು ಕೆತ್ತಬೇಕು. ಸುತಾರ್ಜೊ ಅವನಿಗೆಂದೇ ಒಂದು ಸ್ಟೂಲು ಎತ್ತಿಟ್ಟಿದ್ದ. ಕಂಡಾಗಲೆಲ್ಲ ಅದನ್ನು ತಟ್ಟಿ ತೋರಿಸುತ್ತಿದ್ದ, ಪಾಪಿ.

ಮೊದಲು ಬಂದವರು ನಮ್ಮ ಬೀದಿಯ ಮುಖಂಡ ರೋಜಿಕಿನ್. ಚಪ್ಪಲಿ ಟಪಟಪ ಬಡಿಯುತ್ತ ಬಂದು ತೀರ್ಪನ್ನೇ ಕೊಟ್ಟುಬಿಟ್ಟರು.

"ಹೊರಗಿನವ್ರ ಕೆಲ್ಸ. ನಮ್ಮ ಬೀದಿಯವ್ರು ಕದಿಯೋರಲ್ಲ. ಅದಕ್ಕೆ ನಾನು ಹೊಣೆ."

"ಇನ್ನು ನವಿಲೇ ನನ್ನ ಗತಿ," ಎಂದು ಕರ್ಸೋನೊ ತಲೆ ಮೇಲೆ ಕೈ ಹೊತ್ತು ಕೂತ.

ಆಗ ಬಂದಳು ಪೊನಿಯೆಂ ಅಕ್ಕ. ಮನೆಮನೆಗೆ ಕಷಾಯ ಮಾರುವವಳು. ಬೆನ್ನ ಮೇಲೆ ಸೀಸೆಗಳ ಬುಟ್ಟಿ. ಬೀದಿಯ ಪ್ರತಿಯೊಂದು ಹೊಟ್ಟೆಯ ಗುಟ್ಟೂ ಅವಳಿಗೆ ಗೊತ್ತು.

"ಒಂದನ್ನೇ ಒಯ್ದಿದಾನಾ?"

"ಒಂದೇ ಅಕ್ಕ. ಉಳಿ, ಯಂತ್ರ ಏನೂ ಮುಟ್ಟಿಲ್ಲ."

"ಯಾವಾಗ?"

"ನಿನ್ನೆ ಸಂಜೆ ಪ್ರಾರ್ಥನೆಗೆ ಹೋಗಿದ್ದೆ. ಬಂದವ್ನು ಕೊಟ್ಟಿಗೆ ನೋಡ್ದೆ ಮಲಗಿಬಿಟ್ಟೆ."

ನನಗೆ ನೆನಪಾಯಿತು. "ಆಗ ಯಾರೋ ಇಲ್ಲಿ 'ಒಳಗೆ ಬರಬಹುದಾ' ಅಂತ ಮೂರು ಸಲ ಕೂಗಿದ್ರು ಅಕ್ಕ."

"ಯಾರ ದನಿ?"

"ಬಜ್ಜಿ ಚುಂಯ್ ಅಂತಿತ್ತು. ಗೊತ್ತಾಗ್ಲಿಲ್ಲ."

"ನಿನ್ ಬಜ್ಜಿಗಿಷ್ಟು ಬೆಂಕಿ ಹಾಕ!" ಎಂದು ಬೈದು ಅವಳು ರೋಜಿಕಿನ್ ಕಡೆ ತಿರುಗಿದಳು. "ಹೊರಗಿನ ಕಳ್ಳ ಬಾಗಿಲಲ್ಲಿ ನಿಂತು ಅಪ್ಪಣೆ ಕೇಳ್ತಾನಾ ಮುಖಂಡ್ರೇ?"

ರೋಜಿಕಿನ್ ಕೆಮ್ಮಿದರು. ಮನೆಯಲ್ಲಿ ಕೆಲಸವಿದೆ ಎಂದು ಟಪಟಪ ಹೊರಟುಹೋದರು.

ಕಹಳೆ ಹೊತ್ತವನನ್ನು ಯಾರಾದರೂ ನೋಡಿದರಾ? ಇಲ್ಲ. ನಮ್ಮೂರಲ್ಲಿ ಮರ ಹೊತ್ತು ಹೋಗುವವನನ್ನು ಯಾರೂ ತಿರುಗಿ ನೋಡುವುದಿಲ್ಲ. ಕೈ ಬೀಸಿಕೊಂಡು ಹೋಗುವವನನ್ನು ನೋಡುತ್ತೇವೆ.

*

"ಸುತಾರ್ಜೊ!" ಕರ್ಸೋನೊ ಎದ್ದ. "ಅವನೇ. ನನ್ನ ಕೆಲ್ಸ ಕಂಡ್ರೆ ಅವನಿಗಾಗಲ್ಲ."

ಮೂವರೂ ಹೋದೆವು. ಸುತಾರ್ಜೊನ ಅಂಗಳದ ಮೂಲೆಯಲ್ಲಿ ನೀಲಿ ಟಾರ್ಪಾಲಿನ ಕೆಳಗೆ ಏನೋ ಅಡಗಿತ್ತು. ಒಂದು ಕಡೆ ಕಿರಿದು, ಒಂದು ಕಡೆ ಅಗಲ.

"ಅದನ್ನ ಮುಟ್ಬೇಡಿ! ಅದು... ಅದು ಕೋಳಿ ಗೂಡು!" ಎಂದು ಸುತಾರ್ಜೊ ಅಡ್ಡ ಬಂದ.

ಕರ್ಸೋನೊ ಟಾರ್ಪಾಲು ಎಳೆದೇಬಿಟ್ಟ. ಕಹಳೆಯೇ! ಆದರೆ ತೇಗದ್ದು. ಒಳಗಡೆ ಗೋಡೆ ತುಂಬ ಗರಿ ಬಿಚ್ಚಿದ ನವಿಲು, ಕೊನೆಯ ಗರಿಯಲ್ಲಿ ಇನ್ನೂ ಇವತ್ತಿನ ಹಸಿ ಹೊಟ್ಟು.

ಕರ್ಸೋನೊ ಕಳ್ಳತನವನ್ನೇ ಮರೆತ. "ಅಯ್ಯೋ ಮಾರಾಯ! ಒಳಗೆ ಕೆತ್ತೋದಾ? ದನಿಯೆಲ್ಲ ಪುಕ್ಕದಲ್ಲಿ ಸಿಕ್ಕೊಂಡು ಸಾಯುತ್ತಲ್ಲೋ!"

ಸುತಾರ್ಜೊನ ಮುಖ ಕೆಂಪಾಯಿತು. "ಬೋಳು ಬೋಳಾಗಿ ಬಿಡೋಕೆ ನನಗೆ ಮನಸ್ಸು ಬರ್ಲಿಲ್ಲ ಕಣೋ."

"ಇವನಲ್ಲ, ನಡೀರಿ," ಎಂದಳು ಪೊನಿಯೆಂ ಅಕ್ಕ. "ನಿನ್ನ ಕಹಳೆ ಇವನ ಕೈಗೆ ಸಿಕ್ಕಿದ್ರೆ, ಒಳಗಿನ ನುಣುಪು ಒಂದ್ಸಲ ಸವರಿ ನೋಡಿರೋನು. ಆಮೇಲೆ ಒಳಗೆ ಪುಕ್ಕ ಕೆತ್ತುತ್ತಿರ್ಲಿಲ್ಲ."

*

ನನ್ನ ಅಂಗಡಿ ಬೆಂಚಿನಲ್ಲಿ ಕರ್ಸೋನೊ ಕುಂಟುತ್ತ ಬಂದು ಕುಸಿದ. ಮಧ್ಯಾಹ್ನ ಹತ್ತಿರವಾಗಿತ್ತು.

"ಕಾಲಿಗೇನಾಯ್ತು?" ಎಂದಳು ಅಕ್ಕ.

"ನಿನ್ನೆ ಪ್ರಾರ್ಥನೆಗೆ ಬೇರೆ ಜೋಡು ಹಾಕ್ಕೊಂಡು ಹೋಗಿದ್ದೆ, ಈ ಚಪ್ಪಲಿ ಕೊಟ್ಟಿಗೆ ಬಾಗಿಲಲ್ಲೇ ಇತ್ತು. ಬೆಳಿಗ್ಗೆ ಹಾಕಿದಾಗ್ಲಿಂದ ಕಚ್ತಿದೆ. ದುಃಖಕ್ಕೆ ಕಾಲೂ ಊದಿರ್ಬೇಕು."

"ದುಃಖಕ್ಕೆ ಕಣ್ಣು ಊದುತ್ತೆ, ಕಾಲಲ್ಲ. ಬಿಚ್ಚು ಅದನ್ನ."

ಬೀದಿಯವರೆಲ್ಲ ಹಾಕುವುದು ನನ್ನ ಅಂಗಡಿಯ ಹಸಿರು ರಬ್ಬರ್ ಚಪ್ಪಲಿಯನ್ನೇ. ನೋಡಲು ಎಲ್ಲವೂ ಒಂದೇ. ಅಕ್ಕ ಚಪ್ಪಲಿ ತಿರುಗಿಸಿ ಉಗುರಿನಿಂದ ಅಡಿಯನ್ನು ಕೆರೆದಳು. ನವಣೆ ಹೊಟ್ಟು ಉದುರಿತು.

"ನೀನು ಹಕ್ಕಿ ಸಾಕಿದೀಯಾ?"

"ಇಲ್ಲ."

ಅಕ್ಕ ಆ ಹೊಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿದಳು. ಆಮೇಲೆ ತೊಡೆ ತಟ್ಟಿ ನಕ್ಕಳು. "ಇವತ್ತು ಬೆಳಿಗ್ಗೆ ಸೇನಾಪತಿ ಕೂಗಿದ್ದು ಕೇಳಿದ್ರಾ?"

ಸೇನಾಪತಿ ಅಂದರೆ ರೋಜಿಕಿನ್ ಸಾಕಿದ ಬೆಳವ, ಪಾರಿವಾಳದ ಜಾತಿಯ ಹಕ್ಕಿ. ಹೆಸರು ಮಾತ್ರ ದೊಡ್ಡದು, ಕೂಗು ತುಕ್ಕು ಹಿಡಿದ ಬಾಗಿಲಿನದು. ಭಾನುವಾರ ಪಟ್ಟಣದಿಂದ ಬೆಳವದ ಕೂಗಿನ ಪಂದ್ಯದ ತೀರ್ಪುಗಾರರು ಅದನ್ನು ಕೇಳಲು ಬರುತ್ತಾರೆಂದು ಮುಖಂಡರು ಬೀದಿಗೆಲ್ಲ ಸಾರಿದ್ದರು. ಹೌದಲ್ಲ! ಬೆಳಿಗ್ಗೆ ಆ ಕೂಗು ನನ್ನ ಬಾಣಲೆಯವರೆಗೂ ಗುಮ್ಮೆಂದು ಬಂದಿತ್ತು.

*

ರೋಜಿಕಿನ್ ಮನೆ ಮುಂದೆ ಕಾರು ನಿಂತಿತ್ತು. ನೋಡಿದರೆ ಗಿಯೋಕ್ ಅಜ್ಜಿ! ದಾರಿಯಲ್ಲೇ ಇಳಿದು, ಕೋಲೂರಿ ಕಣ್ಣು ಮುಚ್ಚಿ ನಿಂತಿದ್ದರು. ಜಗಲಿಯ ಜಂತೆಯಿಂದ ಬಟ್ಟೆ ಸುತ್ತಿದ ದೊಡ್ಡ ಗಂಟೊಂದು ತೂಗುತ್ತಿತ್ತು. ಅದರ ಕಿರಿದಾದ ತುದಿಯ ಹಿಂದೆ ಪಂಜರ. "ಗುರ್ರ್ ಕುಕ್ಕೂಕ್!" ಎಂದಿತು ಸೇನಾಪತಿ. ಬೀದಿಯೇ ತುಂಬಿತು.

ಮೆಟ್ಟಿಲ ಕೆಳಗೆ ಹಸಿರು ಚಪ್ಪಲಿಗಳಿದ್ದವು.

"ಹಾಕ್ಕೋ," ಎಂದಳು ಅಕ್ಕ. ಕರ್ಸೋನೊ ಕಾಲಿಟ್ಟ. ಸರಿಯಾಗಿ ಕೂತಿತು.

"ಮುಖಂಡ್ರೇ, ಬನ್ನಿ ಹೊರಗೆ. ಒಬ್ಬನಿಗೆ ಚಪ್ಪಲಿ ಕಚ್ಚುತ್ತೆ, ಇನ್ನೊಬ್ಬರಿಗೆ ಟಪಟಪ ಬಡಿಯುತ್ತೆ. ಮಾರೋ ಕಳ್ಳನಾದ್ರೆ ಜೋಡಿ ಒಯ್ತಿದ್ದ. ಒಂದೇ ಬೇಕಾಗಿದ್ದು ಒಂದೇ ಹಕ್ಕಿ ಕೂಗಿಸೋರಿಗೆ. ಕದಿಯೋಕೆ ಬಂದ್ರೂ ನೀವು ಚಪ್ಪಲಿ ಬಿಚ್ಚಿಟ್ಟು ಒಳಗೆ ಹೋದ್ರಿ. ಹೊರಡುವಾಗ ಎದೆ ತುಂಬ ಕಹಳೆ, ಕಾಲು ಕಾಣ್ಲಿಲ್ಲ, ಸಿಕ್ಕಿದ್ದನ್ನ ಮೆಟ್ಕೊಂಡ್ರಿ. ನಿಮ್ಮ ಚಪ್ಪಲಿ ಅಡಿಯಲ್ಲಿ ಸೇನಾಪತಿಯ ನವಣೆ ಇತ್ತು."

ಅಕ್ಕ ಬಟ್ಟೆ ಎಳೆದಳು. ಹಲಸಿನ ಹಳದಿ ಮೈ ಹೊಳೆಯಿತು.

"ಕದ್ದಿಲ್ಲ!" ರೋಜಿಕಿನ್ ಅಳುವ ಹಾಗಾದರು. "ಒಳಗೆ ಬರಬಹುದಾ ಅಂತ ಮೂರು ಸಲ ಕೇಳಿದೀನಿ. ಬೇಡ ಅಂತ ಯಾರೂ ಅನ್ಲಿಲ್ಲ! ಭಾನುವಾರ ಆದ್ಮೇಲೆ ವಾಪಸ್ ಇಡೋನಿದ್ದೆ."

"ಮೂರು ಸಲ ಕೂಗಿ ಉತ್ತರ ಬರ್ದಿದ್ರೆ ಮನೆಗೆ ಹೋಗ್ಬೇಕು ಕಣ್ರೀ, ಒಳಗೆ ಹೋಗೋದಲ್ಲ!" ಎಂದಳು ಅಕ್ಕ.

"ಶ್!" ಎಂದರು ಗಿಯೋಕ್ ಅಜ್ಜಿ. ಸೇನಾಪತಿ ಇನ್ನೊಮ್ಮೆ ಕೂಗಿತು. ಅಜ್ಜಿಯ ಕೆನ್ನೆ ಒದ್ದೆಯಾಗಿತ್ತು.

"ಚಿತ್ರ ಶುರು ಮಾಡೋ ಮುಂಚೆ ನಮ್ಮೆಜಮಾನ್ರು ಮೈಕಿನಲ್ಲಿ ಹಿಂಗೇ ಗಂಟಲು ಸರಿಮಾಡ್ಕೊಳ್ಳೋರು. ಇದೇ ದನಿ. ಯಾರಪ್ಪಾ ಇದನ್ನ ಮಾಡಿದ್ದು?"

ಪೊನಿಯೆಂ ಅಕ್ಕ ಕರ್ಸೋನೊನ ಬೆನ್ನಿಗೆ ಗುದ್ದಿ ಮುಂದೆ ತಳ್ಳಿದಳು.

"ನಾನು," ಎಂದ ಅವನು. "ಇನ್ನೊಂದೂ ಇದೆ ಅಜ್ಜಿ."

"ಎರಡೂ ಇವತ್ತೇ ಕಾರಿಗೆ ಕಟ್ಟು. ಇದನ್ನ ನಮ್ಮೂರಲ್ಲಿ ಹೇಳಿದ್ರೆ ನಿನ್ನ ಬಾಗಿಲಿಗೆ ಸಾಲು ನಿಲ್ತಾರೆ."

ರೋಜಿಕಿನ್‌ಗೆ ದಂಡ ಹಾಕಿದವಳು ಪೊನಿಯೆಂ ಅಕ್ಕ. ಅವರ ಹಿತ್ತಲ ಹಲಸಿನ ಮರ ಕರ್ಸೋನೊಗೆ, ಮತ್ತು ಒಂದು ತಿಂಗಳು ದಿನಕ್ಕೊಂದು ಲೋಟ ಕಹಿ ಕಷಾಯ ಅವರಿಗೆ. ಭಾನುವಾರ ತೀರ್ಪುಗಾರರು ಬಂದರು, ಸೇನಾಪತಿಯನ್ನು ಕೇಳಿದರು, ಬಾಗಿಲಿಗೆ ಎಣ್ಣೆ ಬಿಡಿ ಎಂದು ಹೇಳಿ ಹೋದರು.

ಸೋಮವಾರ ಕರ್ಸೋನೊ ಸ್ನಾನಕ್ಕಿಳಿದಿದ್ದ. ಹೊರಗೆ ಯಾರೋ ಕೂಗಿದರು.

"ಒಳಗೆ ಬರಬಹುದಾ?"

"ಬೇಡ! ಬೇಡ! ಅಲ್ಲೇ ನಿಲ್ಲು!" ಎಂದು ಅವನು ಮೈ ತುಂಬ ಸೋಪಿನೊಂದಿಗೆ ಅರಚುತ್ತ ಓಡಿ ಬಂದ.

ಬಾಗಿಲಲ್ಲಿ ಸುತಾರ್ಜೊ ನಿಂತಿದ್ದ. ಕಂಕುಳಲ್ಲಿ ಅದೇ ಸ್ಟೂಲು.

"ನಿನಗಲ್ಲ ಕಣೋ," ಎಂದ. "ನಾನೇ ಕೂತ್ಕೊಳ್ಳೋಕೆ ತಂದೆ. ಒಳಗೆ ಬೋಳಾಗಿ ಬಿಡೋದು ಹೆಂಗೆ ಅಂತ ಹೇಳ್ಕೊಡು."