ಮಾರಾಟಕ್ಕಿಲ್ಲದ ಕಾರು

"ರೀ... ಅದು ಗಾಜು!"

ಅಂಗಡಿಯವಳ ಕೂಗು ಮುಗಿಯುವ ಮೊದಲೇ ಮರದ ಬುಗುರಿ ಗಾಜಿನ ಕೌಂಟರಿನ ಮೇಲೆ ಗಿರ್ರನೆ ತಿರುಗುತ್ತಿತ್ತು. ತಿರುಗಿಸಿದವನು ಬಗ್ಗಿ, ಮೂಗು ತಾಗುವಷ್ಟು ಹತ್ತಿರದಿಂದ ಅದನ್ನೇ ನೋಡುತ್ತಿದ್ದ. ಬೆಳೆದ ಗಂಡಸು! ಇಸ್ತ್ರಿ ಮಾಡಿದ ಅಂಗಿ ಬೇರೆ!

"ಒಡೆದ್ರೆ ಏನ್ರೀ ಗತಿ?"

"ಒಡೀಲಿಲ್ವಲ್ಲ..." ಎನ್ನುತ್ತ ಅವನು ತಲೆ ಎತ್ತಿದ. "ಇಂಥದ್ದು ಇನ್ನೂ ಎಷ್ಟಿವೆ? ಎಲ್ಲಾ ಕೊಡಿ. ಗೋಲಿನೂ ಬೇಕು. ಸ್ಕಿಪ್ಪಿಂಗ್ ಹಗ್ಗ ಬೇಡ, ನಮ್ಮೋರು ಬಿದ್ದುಬಿಡ್ತಾರೆ."

ಎಲ್ಲಾ! ಅವಳ ಹುಬ್ಬು ಗಂಟಿಕ್ಕಿತು. ಹಳೆಯ ಆಟಿಕೆಗಳನ್ನು ಹುಡುಕಿ ತಂದು ಮಾರುವ ಅವಳಿಗೆ ಇಂಥವರು ಹೊಸಬರಲ್ಲ. ಬಾಲ್ಯವನ್ನು ಸಗಟಾಗಿ ಕೊಂಡು, ಕಪಾಟಿನಲ್ಲಿಟ್ಟು, ನೆಂಟರ ಮುಂದೆ ಬೀಗುವವರು!

"ನಾನು ಮಾರೋದು ಆಡೋರಿಗೆ ಮಾತ್ರ."

"ಆಡೋಕೇ ರೀ. ನನ್ನ ಆಟಗಾರರಿಗೆಲ್ಲ ಅರವತ್ತು ದಾಟಿದೆ, ಅಷ್ಟೇ."

ಅವನು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಪಾರ್ಶ್ವವಾಯು ಬಡಿದು ಬೆರಳು ಮರಗಟ್ಟಿದವರ ಕೈಯಲ್ಲಿ ರಬ್ಬರ್ ಚೆಂಡು ಹಿಸುಕಿಸಿ ಹಿಸುಕಿಸಿ ಅವನಿಗೇ ಸಾಕಾಗಿತ್ತು.

"ಚೆಂಡು ಕೊಟ್ರೆ ಮುಖ ತಿರುಗಿಸ್ತಾರೆ. ಗೋಲಿ ಕೊಟ್ರೆ ಜಗಳಕ್ಕೆ ನಿಲ್ತಾರೆ. ನಂಗೆ ಆ ಜಗಳಾನೇ ಬೇಕು!"

ಅಂಗಡಿಯ ಇನ್ನೊಂದು ಮೂಲೆಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ ಅವಳ ಅಪ್ಪ ತಲೆ ಎತ್ತದೆಯೇ ಹೇಳಿದರು, "ಕೊಡಮ್ಮ. ಗಾಜು ಒಡೀದೆ ಬುಗುರಿ ಆಡಿಸೋನು ಕೆಟ್ಟೋನಲ್ಲ."

ಅಲ್ಲಿಂದಾಚೆ ಶನಿವಾರ ಬಂತೆಂದರೆ ಅವನೂ ಬರುತ್ತಿದ್ದ. ಒಮ್ಮೆ ಗೋಲಿ, ಒಮ್ಮೆ ಗಿರಗಿಟ್ಲೆ, ಒಮ್ಮೆ ಏನೂ ಇಲ್ಲ... ಸುಮ್ಮನೆ! ಅಂಗಡಿಯ ನೆಲದ ಮೇಲೆ ಕುಳಿತು ಇಬ್ಬರೂ ಗೋಲಿ ಹೊಡೆದರು. ಅವಳು ಗೆದ್ದಳು, ಕಿಚಾಯಿಸಿದಳು. ಅವನು ಸೋತು ನಕ್ಕ.

ಶನಿವಾರದ ದಿನ ಅವಳ ಕಿವಿಯಲ್ಲಿ ಹೊಸ ಓಲೆ ಕಾಣಿಸಿಕೊಳ್ಳತೊಡಗಿತು. ಅಪ್ಪ ನೋಡಿಯೂ ನೋಡದಂತೆ ಕೆಮ್ಮಿದರು.

ಆದರೆ ಒಂದು ಶನಿವಾರ ಅವನ ಮುಖ ಬಾಡಿತ್ತು.

"ಒಬ್ರು ಬಸ್ ಡ್ರೈವರ್ ಇದಾರೆ. ಬಲಗೈ ಸ್ವಾಧೀನ ಇಲ್ಲ. ಏನು ಕೊಟ್ರೂ ಎಸೀತಾರೆ. ಸ್ಟೀರಿಂಗ್ ಹಿಡಿದ ಕೈಗೆ ಗೋಲಿ ಕೊಡ್ತೀಯೇನೋ ಅಂತ ಬೈತಾರೆ... ಆಮೇಲೆ ಅಳ್ತಾರೆ."

ಅವನ ಕಣ್ಣು ಮೇಲಿನ ಹಲಗೆಯತ್ತ ಹೋಯಿತು. ಅಲ್ಲಿ ಕೀಲಿ ಕೊಟ್ಟರೆ ಓಡುವ ಕೆಂಪು ತಗಡಿನ ಕಾರಿತ್ತು. ಅವಳ ಅಮ್ಮ ತೀರಿಕೊಂಡ ವರ್ಷ ಮಾತನ್ನೇ ಬಿಟ್ಟಿದ್ದ ಮಗಳಿಗಾಗಿ ಅಪ್ಪ ತಗಡು ಕತ್ತರಿಸಿ, ಗಡಿಯಾರದ ಸ್ಪ್ರಿಂಗ್ ಹಾಕಿ ಮಾಡಿದ್ದ ಕಾರು. ಎಡಗಡೆಯ ದೀಪದ ಜಾಗದಲ್ಲಿ ಅಂಗಿಯ ಗುಂಡಿ. ಕೇಳಿದವರಿಗೆಲ್ಲ ಅವಳದು ಒಂದೇ ಉತ್ತರ: ಮಾರಾಟಕ್ಕಿಲ್ಲ!

ಅವನು ಬಾಯಿಬಿಟ್ಟು ಕೇಳಲಿಲ್ಲ. ಅವಳೇ ಸ್ಟೂಲು ಹತ್ತಿ ಇಳಿಸಿದಳು.

"ಎರವಲು ಅಷ್ಟೇ. ವಾಪಸ್ ಬರಬೇಕು."

"ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತೀನಿ."

ಮುಂದಿನ ಶನಿವಾರ ಅವನು ಬರಲಿಲ್ಲ. ಅದರ ಮುಂದಿನದೂ ಹಾಗೇ ಕಳೆಯಿತು. ಅವಳು ಕರೆ ಮಾಡಿದರೂ ಫೋನ್ ಎತ್ತಲಿಲ್ಲ.

ಆಮೇಲೊಂದು ಬೆಳಿಗ್ಗೆ, ಅಂಗಡಿಗೆ ಸಾಮಾನು ಹುಡುಕಲೆಂದು ಹಳೆಯ ವಸ್ತುಗಳ ಆ್ಯಪ್ ತೆರೆದವಳ ಬೆರಳು ಅಲ್ಲೇ ನಿಂತಿತು.

ಕೆಂಪು ಕಾರು. ಗುಂಡಿಯ ದೀಪ. ಕೆಳಗೆ, "ಅಪರೂಪದ ಕೈಕೆಲಸ. ಹೆಚ್ಚು ಕೊಟ್ಟವರಿಗೆ."

ಮಾರಿಬಿಟ್ಟನಾ...? ಅದಕ್ಕೇ ಮುಖ ತೋರಿಸ್ತಿಲ್ವಾ?

ಅಪ್ಪ ಫೋನ್ ಇಸಿದುಕೊಂಡು ನೋಡಿದರು. "ಒಂದ್ ಮಾತು ಕೇಳಿ ನೋಡಮ್ಮ."

"ಫೋನ್ ಎತ್ತಿದ್ರಲ್ವಾ ಅಪ್ಪ ಕೇಳೋದು!"

ಅವಳು ಅತ್ತು ಕೂರುವವಳಲ್ಲ. ತನ್ನ ಕಾರಿಗೆ ತಾನೇ ಬೆಲೆ ಕೂಗಿದಳು! ಮರುಕ್ಷಣವೇ ಇನ್ಯಾರೋ ಅದರ ಮೇಲೆ ಕೂಗಿದರು. ಅವಳು ಏರಿಸಿದಳು. ಅವರೂ ಏರಿಸಿದರು. ಯಾವನಪ್ಪಾ ಈ ಮಹಾಶಯ!

ಕೊನೆಗೆ ಸಿಟ್ಟು ನೆತ್ತಿಗೇರಿ, ವಿಳಾಸ ನೋಡಿಕೊಂಡು ಹೊರಟೇಬಿಟ್ಟಳು.

ಅದು ಗುಜರಿ ಅಂಗಡಿ. ಹಳೇ ಪೇಪರಿನ ಗುಡ್ಡೆ, ತುಕ್ಕು ಹಿಡಿದ ಆಸ್ಪತ್ರೆ ಮಂಚಗಳು, ನಡುವೆ ದೊಡ್ಡ ತಕ್ಕಡಿ. ಮಂಚಗಳ ಆಚೆಯಿಂದ ಪರಿಚಿತ ದನಿಯೊಂದು ಕೇಳಿತು.

"ಅಣ್ಣಾ, ಕೈ ಮುಗೀತೀನಿ. ವಾರ್ಡ್ ಹೊಸ ಬಿಲ್ಡಿಂಗಿಗೆ ಹೋಗೋವಾಗ ಹಳೇ ಮಂಚಗಳ ಜೊತೆ ತಪ್ಪಿ ನಿಮ್ಮ ಗಾಡಿಗೆ ಬಂದಿದೆ ಆ ಕಾರು. ಊರಿನ ಗುಜರಿ ಎಲ್ಲಾ ಜಾಲಾಡಿದೀನಿ..."

"ಏನ್ಮಾಡ್ಲಿ ಸಾರ್? ಇನ್ನೊಬ್ರು ನಿಮಗಿಂತ ಮೇಲೆ ಕೂಗ್ತಾನೇ ಇದಾರೆ."

"ಯಾರೋ ಮಹಾ ಹಠಮಾರಿ! ಅವರು ಎಷ್ಟೇ ಕೂಗ್ಲಿ, ನಾನು ಬಿಡಲ್ಲ. ಅದು ಹೋದ್ರೆ ನಾನು ಅವಳ ಮುಂದೆ ಹೇಗೆ ನಿಲ್ಲಲಿ?"

"ಆ ಹಠಮಾರಿ ನಾನೇ," ಎಂದಳು ಅವಳು.

ಅವನು ತಿರುಗಿದ. ಗಡ್ಡ ಬೆಳೆದಿತ್ತು, ಅಂಗಿಯ ತುಂಬ ತುಕ್ಕಿನ ಧೂಳು.

"ನೀವಾ...?"

"ಕಳೆದುಹೋಯ್ತು ಅಂತ ಒಂದು ಮಾತು ಹೇಳೋಕೇನಾಗಿತ್ತು? ನೀವೇ ಮಾರಿಬಿಟ್ರಿ ಅಂತ ನಾನು..." ಅಳಬಾರದೆಂದುಕೊಂಡಿದ್ದ ಕಣ್ಣು ಮಾತು ಕೇಳಲಿಲ್ಲ.

"ಹುಡುಕಿಕೊಂಡೇ ಬರೋಣ ಅಂದ್ಕೊಂಡೆ. ನಿಮ್ಮ ಫೋನ್ ಬಂದಾಗೆಲ್ಲ ಎತ್ತೋಕೆ ಧೈರ್ಯ ಆಗ್ಲಿಲ್ಲ. ತಪ್ಪಾಯ್ತು." ಅವನು ಒಂದು ಹೆಜ್ಜೆ ಮುಂದೆ ಬಂದ. "ಆದ್ರೆ ಒಂದು ಹೇಳ್ಲೇಬೇಕು. ಆ ಡ್ರೈವರ್ ಕೀಲಿ ತಿರುಗಿಸಿದ್ರು. ಪೂರ್ತಿ! ಕಾರು ಮಂಚದ ಕೆಳಗೆಲ್ಲಾ ಓಡ್ತು. ಇಡೀ ವಾರ್ಡು ಕೂಗ್ತಿತ್ತು. ನಂಗೆ ಮಾತ್ರ... ನೀವು ಇಲ್ಲಿ ಇರಬೇಕಿತ್ತು ಅನ್ನಿಸ್ತು. ಈಗೀಗ ಎಲ್ಲಿ ನಿಂತ್ರೂ ಹಾಗೇ ಅನ್ಸುತ್ತೆ. ನೀವಂದ್ರೆ ನಂಗೆ ತುಂಬಾ ಇಷ್ಟ."

ಗುಜರಿಯವನು ಕಾರನ್ನು ಕೈಯಲ್ಲಿ ಹಿಡಿದು ಪಿಳಿಪಿಳಿ ನೋಡಿದ. "ಅಯ್ಯೋ ಶಿವನೇ! ಇಬ್ರೂ ಒಂದೇ ಮನೆಯವರಾ?"

"ಅಲ್ಲ..." ಎಂದು ಅವನು ತೊದಲಿದ.

"ಆಗ್ತೀವಿ!" ಎಂದಳು ಅವಳು.

ಗುಜರಿಯವನು ಹಣೆ ಚಚ್ಚಿಕೊಂಡು, ಕಾರನ್ನು ಅವಳ ಕೈಗಿಟ್ಟ. "ಒಂದೇ ಮನೆಗೆ ಎರಡು ಬೆಲೆ ಕೂಗ್ಸಿದ ಪಾಪ ನಂಗ್ಯಾಕೆ! ಹಂಗೇ ತಗೊಂಡ್ಹೋಗಿ ತಾಯಿ."

ಹೊರಗೆ ಬೀದಿಯಲ್ಲಿ ಮಧ್ಯಾಹ್ನದ ಬಿಸಿಲು. ಇಬ್ಬರೂ ನೆರಳು ಹಿಡಿದು ನಡೆದರು.

"ನೀವು ಒಳಗೆ ಹೇಳಿದ್ದು... ನಿಜಾನಾ?" ಎಂದು ಅವನು ಮೆಲ್ಲಗೆ ಕೇಳಿದ.

"ಇನ್ನೂ ಎಷ್ಟು ದಿನ 'ನೀವು' ಅಂತೀಯ?"

ಅವನ ಹೆಜ್ಜೆ ತಪ್ಪಿತು. ಕಿವಿ ಕೆಂಪಾಯಿತು.

"ಅಭ್ಯಾಸ ಇಲ್ಲ..."

"ಫಿಸಿಯೋಥೆರಪಿಸ್ಟ್ ಅಲ್ವಾ? ಅಭ್ಯಾಸ ಮಾಡಿಸೋದೇ ನಿನ್ನ ಕೆಲಸ. ಹೇಳು, ನಿಧಾನಕ್ಕೆ ಹೇಳು."

ಅವನು ಅವಳ ಕೈಬೆರಳುಗಳೊಳಗೆ ತನ್ನ ಬೆರಳು ಸೇರಿಸಿದ.

"ನೀನು..." ಎಂದ.

"ಇನ್ನೊಂದ್ಸಲ."